ವಿಮ್ (ಫೈಲ್ ತಿದ್ದೂ ಎಡಿಟರ್) ತಗದ ಕೂಡ್ಲೆ ಸರ್ವರ್‌ನಿಂದ ಫೈಲ್ ಇಳೀಬೇಕು, ಮುಚ್ಚಿದ ಕೂಡ್ಲೆ ಏರಬೇಕು, ಹೆಂಗ್ ಮಾಡೂದ್ರಿ?

ಬೆಟಗೇರಿ_ಮಗ್ಗ:

ಎಲ್ಲಾರಿಗೂ ನಮಸ್ಕಾರ್ರಿ. ಸ್ವಲ್ಪ ಉದ್ದ ಐತಿ, ಬ್ಯಾಸರ ಮಾಡ್ಕೋಬ್ಯಾಡ್ರಿ, ಯಾಕಂದ್ರ ಸಣ್ಣದ್ ಮಾಡಿ ಕೇಳಿದ್ರ ಎಲ್ಲಾರೂ "ಆರ್‌ಸಿಂಕ್ ಹಾಕ್ಕೊ" ಅಂತ ಹೇಳಿ ಹೋಗ್ತಾರ, ಎರಡು ಮಷೀನಿನ ನಡುವ ಫೈಲ್ ಕಾಪಿ ಮಾಡೂ ಪ್ರೋಗ್ರಾಂ ಅದು, ನಾ ಅದನ್ನ ಹಾಕ್ಕೊಂಡ ಕೆಟ್ಟೇನಿ.

ನಮ್ಮನಿ ಬೆಟಗೇರಿ, ಕೆಲಸ ಹುಬ್ಬಳ್ಳ್ಯಾಗ, ದಿನಾ ಟ್ರೇನಿಗೆ ಹೋಗಿ ಬರೂದು. ನಾಕೈದು ಸಣ್ಣ ವೆಬ್‌ಸೈಟ್ ನೋಡ್ಕೋತೇನಿ, ಒಂದು ಗದಗಿನ ಪ್ರಿಂಟಿಂಗ್ ಪ್ರೆಸ್ಸಿಂದು, ಎರಡು ಸೀರಿ ಅಂಗಡಿದು, ಒಂದು ಬ್ಯಾಡಗಿ ಮೆಣಸಿನಕಾಯಿ ದಲಾಲರದು. ದಲಾಲರದ್ರಾಗ ಸೋಮವಾರ ಗುರುವಾರ ಮಾರ್ಕೆಟ್ ಆದಮ್ಯಾಲ ರೇಟಿನ ಪೇಜ್ ಬದ್ಲಿ ಮಾಡಬೇಕು. ಎಲ್ಲಾ ಒಂದ ಸಣ್ಣ ವಿಪಿಎಸ್ (ಬಾಡಿಗಿ ಸರ್ವರ್) ಮ್ಯಾಲ ಅದಾವು, 1 ಜಿಬಿ ರ್‍ಯಾಮ್. ಮನ್ಯಾಗ ಹಳೇ ಲ್ಯಾಪ್‌ಟಾಪ್, ಆಫೀಸ್‌ನ್ಯಾಗ ಡೆಸ್ಕ್‌ಟಾಪ್, ಎರಡೂ ಲಿನಕ್ಸ್, ಎರಡ್ರಾಗೂ ವಿಮ್.

ಆರ್‌ಸಿಂಕ್ ಓಡಸೂ ಎರಡು ಸಣ್ಣ ಸ್ಕ್ರಿಪ್ಟ್ ಬರ್ಕೊಂಡೇನಿ. ಒಂದರ ಹೆಸರು ಇಳಿಸು, ಇನ್ನೊಂದು ಏರಿಸು. ಕೂಡೂ ಮೊದ್ಲ ಇಳಿಸು, ಏಳೂ ಮೊದ್ಲ ಏರಿಸು. ಕೇಳಾಕ ಚಲೋ ಐತಿ, ಆದ್ರ ನೆನಪಿರಬೇಕಲ್ರಿ.

ಹೋದ ಐತವಾರ ರಾತ್ರಿ ಮನ್ಯಾಗ ಕುಂತು ಪ್ರೆಸ್ಸಿನವರ ಪೇಜ್ ಎಲ್ಲಾ ತಿದ್ದಿದೆ, ಹೊಸಾವು ಮೂರು ಮಾಡಿದೆ, ದಲಾಲರ ರೇಟ್ ಪೇಜಿನ ಟೇಬಲ್ಲೂ ಸರಿ ಮಾಡಿದೆ. ಅಷ್ಟರಾಗ ಕರೆಂಟ್ ಹೋತು, ಅದರ ಜೋಡಿ ವೈಫೈ ಹೋತು, ಊಟಕ್ಕ ಕರದ್ರು, ಏರಿಸೂದು ಮರ್ತೆ. ಸೋಮವಾರ ಆಫೀಸ್‌ಗೆ ಹೋಗಿ ಇಳಿಸು ಹೊಡದೆ, ಹಳೇವ ಬಂದ್ವು, ನನಗ ಖಬರಿಲ್ಲ. ಸಂಜೀಕ ಅದ ಹಳೇ ಪೇಜಿನ್ಯಾಗ ರೇಟ್ ತುಂಬಿ ಏರಿಸಿದೆ. ರಾತ್ರಿ ಮನಿಗ್ ಬಂದು ಕೈ ರೂಢಿ ಪ್ರಕಾರ ಇಳಿಸು ಅಂದೆ. ನನ್ನ ಇಳಿಸು ಒಳಗ ಡ್ಯಾಶ್ ಡ್ಯಾಶ್ ಡಿಲೀಟ್ ಐತಿ. ಐತವಾರದ್ದು ಎಲ್ಲಾ ಹೋತು, ಹೊಸಾ ಮೂರು ಪೇಜ್ ಸುದ್ದಾ. ಏನೂ ಕೇಳಲಿಲ್ಲ, ಒಂದ್ ಮಾತು ಆಡಲಿಲ್ಲ, ತಣ್ಣಗ ಅಳಿಸಿ ಕುಂತೈತಿ.

ಅದಕ್ಕ ಇದನ್ನೆಲ್ಲಾ ತಾನಾ ಆಗೂ ಹಂಗ ಮಾಡಬೇಕಂತ. ವಿಮ್ ಒಳಗ ಸೇವ್ ಮಾಡಿದಾಗೊಮ್ಮೆ ಏರಿಸೂ ಹಂಗ ಆಟೋಕಮಾಂಡ್ ಹಾಕಿ ನೋಡಿದೆ, ಬಫ್‌ರೈಟ್‌ಪೋಸ್ಟ್ ಅಂತ ಬರ್ತೈತಲ್ಲ ಅದು. ಒಂದೊಂದ್ ಸಲ ಸೇವ್ ಕೊಟ್ಟಾಗ ಮೂರ್ನಾಕ್ ಸೆಕೆಂಡ್ ನಿಂತ ನಿಂತು ಬಿಡ್ತೈತಿ, ಟ್ರೇನಿನ್ಯಾಗ ಅಣ್ಣಿಗೇರಿ ಆಚಿಗೆ ಈಚಿಗೆ ನೆಟ್ ಹೋತಂದ್ರ ವಿಮ್ಮೇ ಗಪ್ಪಾಗ್ತೈತಿ, ಕೀ ಒತ್ತಿದ್ರೂ ಏನೂ ಬರೂದಿಲ್ಲ. ಸೇವ್‌ಗೊಮ್ಮೆ ಬ್ಯಾಡ, ತಗದಾಗ ಒಮ್ಮೆ ಇಳೀಲಿ, ಮುಚ್ಚಿದಾಗ ಒಮ್ಮೆ ಏರ್ಲಿ, ಅಷ್ಟ ಸಾಕು. ಯಾರರ ಹಿಂಗ ಮಾಡ್ಕೊಂಡೀರೇನು?

ಸಪ್ತಾಪುರ_ಸೈಕಲ್:

ನಮಸ್ಕಾರ. ನಿಮ್ಮ ಮೂರು ಪೇಜಿನ ಸುದ್ದಿ ಓದಿ ಕೆಟ್ಟ ಅನಿಸ್ತು. ಆದ್ರ ನಾ ಒಂದು ಮೂಲಕ್ಕ ಕೇಳ್ತೀನಿ, ಕಾಪಿ ಯಾಕ ಇಟ್ಕೋಬೇಕು? ಫೈಲ್ ಒಂದ ಕಡೆ ಇದ್ರ ಸಿಂಕ್ ಅನ್ನೂ ಪ್ರಶ್ನೆನ ಬರೂದಿಲ್ಲಲ್ಲ. ಎಸ್‌ಎಸ್‌ಎಚ್ ಮಾಡಿ (ದೂರದಿಂದ ಲಾಗಿನ್ ಆಗಿ) ಸರ್ವರ್ ಮ್ಯಾಲೇ ಟಿಮಕ್ಸ್ ಚಾಲೂ ಮಾಡ್ರಿ, ಅದು ಟರ್ಮಿನಲ್ ಜೀವಂತ ಇಡೂ ಪ್ರೋಗ್ರಾಂ, ಅದರೊಳಗ ವಿಮ್. ನೆಟ್ ಹೋದ್ರೂ ಅಲ್ಲಿ ವಿಮ್ ಹಂಗ ತೆರದಿರ್ತದ, ಹೊಳ್ಳಿ ಲಾಗಿನ್ ಆಗಿ ಅಟ್ಯಾಚ್ ಅಂದ್ರ ಕರ್ಸರ್ ಸಹಿತ ಎಲ್ಲಿತ್ತೋ ಅಲ್ಲೇ ಸಿಗ್ತದ. ಮನ್ಯಾಗ ಬಿಟ್ಟದ್ದನ್ನ ಆಫೀಸಿನ್ಯಾಗ ಮುಂದುವರಸ್ಲಿಕ್ಕೆ ಬರ್ತದ.

ಇಲ್ಲಾಂದ್ರ ವಿಮ್ ಒಳಗ ಎಸ್‌ಸಿಪಿ (ಎಸ್‌ಎಸ್‌ಎಚ್ ಮ್ಯಾಲ ಫೈಲ್ ಕಾಪಿ) ವಿಳಾಸ ಕೊಟ್ಟು ಸೀದಾ ಸರ್ವರಿನ ಫೈಲ್ ತಗೀಲಿಕ್ಕೆ ಬರ್ತದ, ನೆಟ್‌ಆರ್‌ಡಬ್ಲ್ಯೂ ಅಂತ ಅದರ ಜೋಡಿನ ಬಂದಿರ್ತದ. ತಗೀವಾಗ ತಾನ ಇಳಿಸ್ತದ, ಸೇವ್ ಮಾಡಿದಾಗ ತಾನ ಏರಿಸ್ತದ. ಇಮ್ಯಾಕ್ಸ್ ಅನ್ನೂ ಇನ್ನೊಂದು ಎಡಿಟರಿನವರು ಟ್ರ್ಯಾಂಪ್ ಅಂತಾರ, ಅದೂ ಇದ ಕೆಲಸ. ಎಸ್‌ಎಸ್‌ಎಚ್‌ಎಫ್‌ಎಸ್ ಹಾಕಿ ಸರ್ವರಿನ ಫೋಲ್ಡರ್ ನಿಮ್ಮ ಮಷೀನ್‌ನ್ಯಾಗ ಮೌಂಟ್ ಮಾಡೂದೂ ಒಂದು ಅದ. ವಿಎಸ್ ಕೋಡ್ ಎಡಿಟರಿನ ರಿಮೋಟ್ ಮಾತ್ರ ನಿಮಗ ಹೇಳೂದಿಲ್ಲ, ಅದು ಸರ್ವರ್ ಮ್ಯಾಲ ತಂದ ಒಂದು ಪ್ರೋಗ್ರಾಂ ಕೂಡಸ್ತದ, 1 ಜಿಬಿ ರ್‍ಯಾಮಿಗೆ ಅದು ಹೆಂಡ್ತಿ ಕಡೆ ನೆಂಟರು ಬಂದಂಗ.

ಬೆಟಗೇರಿ_ಮಗ್ಗ:

ಸರ, ಟಿಮಕ್ಸ್ ಆಫೀಸಿನ್ಯಾಗ ಬಳಸ್ತೇನ್ರಿ, ಚಲೋ ಐತಿ. ಆದ್ರ ನನ್ನ ಅರ್ಧಾ ಕೆಲಸ ಟ್ರೇನಿನ್ಯಾಗ. ಗದಗ ಬಿಟ್ಟಮ್ಯಾಲ ಹುಬ್ಬಳ್ಳಿ ಮುಟ್ಟೂತನಕ ನೆಟ್ ನೆಚ್ಚಿ ಕುಂತ್ರ ಒಂದು ಸಾಲು ಆಗೂದಿಲ್ಲ, ಅಕ್ಷರ ಒತ್ತಿದ್ರ ಒಂದು ಸ್ಟೇಷನ್ ಆದಮ್ಯಾಲ ಸ್ಕ್ರೀನಿಗೆ ಬರ್ತೈತಿ. ಎಸ್‌ಎಸ್‌ಎಚ್‌ಎಫ್‌ಎಸ್ ಹಾಕಿದ್ದೆ, ನೆಟ್ ಹೋದ ಕೂಡ್ಲೆ ಬರೇ ಎಲ್‌ಎಸ್ ಅಂದ್ರೂ ಟರ್ಮಿನಲ್ ಕಲ್ಲಾಗ್ತಿತ್ತು. ಕಾಪಿ ನನ್ನ ಕೈಯಾಗ ಇರಾಕ ಬೇಕ್ರಿ.

ಉಣಕಲ್_ಕಟ್ಟಿ:

ತಮ್ಮಾ, ಮೊದ್ಲ ನಿನ್ನ ಇಳಿಸು ಸ್ಕ್ರಿಪ್ಟಿನಿಂದ ಆ ಡಿಲೀಟ್ ತಗದ್ ಒಗಿ. ಆಮ್ಯಾಲ ಮುಂದ ಓದು.

ಡಿಲೀಟ್ ಅಂದ್ರ "ಅಲ್ಲಿ ಇಲ್ಲದ್ದು ಇಲ್ಲೂ ಇರಬಾರ್ದು" ಅಂತ ಅರ್ಥ. ನೀ ಹೊಸಾದು ಮಾಡಿದ್ದೂ ಅಲ್ಲಿ ಇಲ್ಲ, ಅಲ್ಲಿ ಯಾರೋ ಅಳಿಸಿದ್ದೂ ಅಲ್ಲಿ ಇಲ್ಲ, ಎರಡಕ್ಕೂ ಆರ್‌ಸಿಂಕಿಗೆ ಫರಕು ಗೊತ್ತಾಗೂದಿಲ್ಲ, ಯಾಕಂದ್ರ ಅದಕ್ಕ ನಿನ್ನೆ ಏನಿತ್ತು ಅನ್ನೂ ನೆನಪಿಲ್ಲ. ನಿಂದು ಇಡೀ ಕತಿ ಇಷ್ಟ. ಫೈಲ್ ಎರಡೂ ಕಡೆ ಇದ್ರ ಸೈಜ್ ಮತ್ತ ತಿದ್ದಿದ ಟೈಮ್ ನೋಡ್ತೈತಿ, ಒಂದರ ಬ್ಯಾರೆ ಇತ್ತಂದ್ರ ಕಳಿಸೂ ಕಡೆದೇ ಖರೆ ಅಂತ ಮ್ಯಾಲ ಬರೀತೈತಿ. ಬರಿಸ್ಕೊಳ್ಳೂ ಕಡೆದು ಹೊಸಾದಿದ್ರೂ ಕೇಳೂದಿಲ್ಲ. ಡ್ಯಾಶ್ ಯು ಹಚ್ಚಿದ್ರ ಹೊಸಾದನ್ನ ಮುಟ್ಟೂದಿಲ್ಲ, ಖರೆ. ನೀ ಅದನ್ನ ಹಚ್ಚಿದ್ರ ಪ್ರೆಸ್ಸಿನವರ ಪೇಜ್ ಉಳೀತಿದ್ವು. ಆದ್ರ ರೇಟ್ ಪೇಜ್ ಉಳೀತಿರಲಿಲ್ಲ ನೋಡು, ಅದನ್ನ ಐತವಾರ ಮನ್ಯಾಗೂ ತಿದ್ದೀ, ಸೋಮವಾರ ಆಫೀಸಿನ್ಯಾಗೂ ತಿದ್ದೀ. ಗಡಿಯಾರ ನೋಡಿ ಒಂದನ್ನ ಗೆಲ್ಲಸ್ತೈತಿ, ಸೋತದ್ದು ಕಸಕ್ಕ.

ಇನ್ನ ನೀ ಕೇಳಿದ್ದಕ್ಕ. ವಿಮ್ಮಿನ ಒಳಗ ಹುಕ್ ಹಾಕೂ ಬದ್ಲಿ ವಿಮ್ಮಿನ ಹೊರಗ ಒಂದು ಸ್ಕ್ರಿಪ್ಟ್ ಮಾಡು, ನೀ ವಿಮ್ ಅನ್ನೂದ್ರ ಬದ್ಲಿ ಅದರ ಹೆಸರು ಹೊಡಿ. ವಿಮ್‌ಲೀವ್ ಅಂತ ಒಳಗ ಐತಿ, ಮುಚ್ಚೂ ಮುಂದ ನಡೀತೈತಿ, ಆದ್ರ ನೀ ಮೂರು ಟರ್ಮಿನಲ್‌ನ್ಯಾಗ ಮೂರು ವಿಮ್ ತಗದಿದ್ರ ಮೂರೂ ತಮ್ಮ ತಮ್ಮ ಪಾಡಿಗೆ ಏರಿಸ್ತಾವು. ಕಿಲ್ ಡ್ಯಾಶ್ 9 ಕೊಟ್ಟು ವಿಮ್ಮನ್ನ ಕೊಂದ್ರ ಅದು ನಡ್ಯಾಂಗಿಲ್ಲ.

ನಂದು ಸ್ಕ್ರಿಪ್ಟ್ ಏನ್ ಮಾಡ್ತೈತಿ ಬಾಯಾಗ ಹೇಳ್ತೇನಿ. ಮೊದ್ಲ ಫ್ಲಾಕ್‌ಲೆ ಒಂದು ಬೀಗ ಹಾಕ್ತೈತಿ, ಎರಡನೇ ಸಲ ಯಾರರ ಅದ ಸ್ಕ್ರಿಪ್ಟ್ ಚಾಲೂ ಮಾಡಿದ್ರ "ಒಂದು ಆಗ್ಲೇ ನಡದೈತಿ" ಅಂತ ಹೊಳ್ಳಿ ಕಳಿಸ್ತೈತಿ. ಆಮ್ಯಾಲ "ಬಾಕಿ" ಅನ್ನೂ ಹೆಸರಿನ ಒಂದು ಖಾಲಿ ಫೈಲ್ ಐತೇನು ನೋಡ್ತೈತಿ. ಇತ್ತಂದ್ರ ಹೋದ ಸಲದ್ದು ಏರಿಲ್ಲ ಅಂತ ಅರ್ಥ, ಇಳಿಸೂದ ಇಲ್ಲ, ನಿಂತು ಕೇಳ್ತೈತಿ. ಇಲ್ಲಂದ್ರ ಇಳಿಸ್ತೈತಿ, ಬಾಕಿ ಫೈಲ್ ಹುಟ್ಟಸ್ತೈತಿ, ವಿಮ್ ತಗೀತೈತಿ. ವಿಮ್ ಮುಚ್ಚಿದಮ್ಯಾಲ ಏರಿಸ್ತೈತಿ, ಆರ್‌ಸಿಂಕ್ ಎಕ್ಸಿಟ್ ಕೋಡ್ (ಮುಗದಾಗ ಹೇಳೂ ನಂಬರು) ಸೊನ್ನೆ ಕೊಟ್ಟು ಮುಗದ್ರ ಅಷ್ಟ ಬಾಕಿ ಅಳಿಸ್ತೈತಿ. ಸೊನ್ನೆ ಬಿಟ್ಟು ಏನ್ ಬಂದ್ರೂ ಬಾಕಿ ಹಂಗ ಇರಬೇಕು. 23 ಬಂದ್ರ ಅರ್ಧಂಬರ್ಧ ಹೋಗ್ಯಾವು, 255 ಬಂದ್ರ ಎಸ್‌ಎಸ್‌ಎಚ್ ಹತ್ತಿಲ್ಲ. ಕಿರಾಣಿ ಅಂಗಡಿ ಉದ್ರಿ ಪುಸ್ತಕ ಇದ್ದಂಗ, ರೊಕ್ಕ ಕೈಗೆ ಬಂದಮ್ಯಾಲ ಗೀಟು ಹೊಡೀಬೇಕು, ಕೊಡ್ತೇನಿ ಅಂದಾಗ ಅಲ್ಲ. ನಿನ್ನ ಐತವಾರ ರಾತ್ರಿ ಈ ಬಾಕಿ ಫೈಲ್ ಒಂದ ಇದ್ದಿದ್ರ ಸೋಮವಾರ ರಾತ್ರಿ ಅದು ನಿನ್ನ ಕೈ ಹಿಡೀತಿತ್ತು.

ಮತ್ತ ಇಳಿಸುವಾಗೂ ಏರಿಸುವಾಗೂ ಬ್ಯಾಕಪ್ ಆಪ್ಷನ್ ಹಚ್ಚು, ಬ್ಯಾಕಪ್ ಡೈರೆಕ್ಟರಿಗೆ ಅವತ್ತಿನ ತಾರೀಕಿನ ಹೆಸರಿಡು, ಅದು ಸಿಂಕ್ ಆಗೂ ಫೋಲ್ಡರಿನ ಹೊರಗ ಇರ್ಲಿ. ಏನ್ ಮ್ಯಾಲ ಬರದ್ರೂ ಹಳೇದು ಅಲ್ಲಿ ಬಿದ್ದಿರ್ತೈತಿ. ಡಾಟ್ ಎಸ್‌ಡಬ್ಲ್ಯೂಪಿ ಫೈಲ್ ಎಕ್ಸ್‌ಕ್ಲೂಡ್ ಮಾಡು, ವಿಮ್ಮಿನ ಸ್ವಾಪ್ (ತಿದ್ದುವಾಗಿನ ತಾತ್ಕಾಲಿಕ ಫೈಲ್) ಸರ್ವರಿಗೆ ಹೋಗಿ ಕುಂತ್ರ ನಾಳೆ ಆಫೀಸಿನ್ಯಾಗ ತಗದಾಗ "ಯಾರೋ ತಿದ್ದಾಕ ಹತ್ಯಾರ" ಅಂತ ವಿಮ್ ಹೆದರಸ್ತೈತಿ. ಫೋಲ್ಡರಿನ ಹೆಸರಿನ ಕೊನಿಗೆ ಸ್ಲ್ಯಾಶ್ ಇದ್ರ ಒಳಗಿನ ಸಾಮಾನು ಹೋಗ್ತೈತಿ, ಇಲ್ಲಂದ್ರ ಫೋಲ್ಡರ ಹೋಗಿ ಅದರೊಳಗ ಇನ್ನೊಂದು ಅದ ಹೆಸರಿಂದು ಆಗ್ತೈತಿ, ಇದನ್ನ ಎಲ್ಲಾರೂ ಒಮ್ಮೆ ಮಾಡ್ಯಾರ, ನಾ ನಾಕು ಸಲ ಮಾಡೇನಿ. ಡ್ಯಾಶ್ ಎನ್ ಹಚ್ಚಿ ಒಣಾ ಓಡಸಿ ನೋಡೂದು ರೂಢಿ ಮಾಡ್ಕೊ, ಏನೇನ್ ಮಾಡ್ತೇನಿ ಅಂತ ಹೇಳ್ತೈತಿ, ಮಾಡೂದಿಲ್ಲ.

ಮೂರ್ನಾಕ್ ಸೆಕೆಂಡ್ ನಿಲ್ಲೂದು ಆರ್‌ಸಿಂಕಿನ ತಪ್ಪಲ್ಲ. ಸಲಕ್ಕೊಮ್ಮೆ ಎಸ್‌ಎಸ್‌ಎಚ್ ಹೊಸಾ ಕನೆಕ್ಷನ್ ಮಾಡಿ ಕೀ ತೋರಿಸಿ ಒಳಗ ಹೋಗೂದ್ರಾಗ ಟೈಮ್ ಹೋಗ್ತೈತಿ. ಎಸ್‌ಎಸ್‌ಎಚ್ ಕಾನ್ಫಿಗ್‌ನ್ಯಾಗ ಕಂಟ್ರೋಲ್‌ಮಾಸ್ಟರ್ ಆಟೋ ಅಂತ ಇಡು, ಕಂಟ್ರೋಲ್‌ಪರ್ಸಿಸ್ಟ್ 10 ನಿಮಿಷ ಇಡು, ಕಂಟ್ರೋಲ್‌ಪಾತ್‌ಗೆ ಒಂದು ಜಾಗಾ ಕೊಡು. ಮೊದಲನೇದು ತಡಾ ಆಗ್ತೈತಿ, ಹಿಂದಿನಿಂದ ಬರೂವೆಲ್ಲಾ ಅದ ಬಾಗಲದಾಗ ನುಗ್ತಾವು. ಕನೆಕ್ಟ್‌ಟೈಮ್‌ಔಟ್ 5 ಇಡು, ಅಣ್ಣಿಗೇರ್‍ಯಾಗ ಐದು ಸೆಕೆಂಡಿಗೆ ಕೈ ಬಿಡ್ತೈತಿ. ಮತ್ತ ಡಾಟಾ ಬಗ್ಗೆ ಚಿಂತಿ ಮಾಡಬ್ಯಾಡ, ಬದಲಾದ ತುಂಡು ಅಷ್ಟ ಕಳಿಸೂ ಯುಕ್ತಿ ಮ್ಯಾಲೇ ಅದು ನಿಂತದ್ದು, 1996 ರಾಗ ಆಸ್ಟ್ರೇಲಿಯಾದಾಗ ಟ್ರಿಡ್ಜೆಲ್ ಮತ್ತ ಮ್ಯಾಕೆರಸ್ ಅನ್ನವ್ರು ಬರದಾಗ ಎಲ್ಲಾರ ಮನ್ಯಾಗೂ ಮೋಡೆಮ್ಮ ಇತ್ತು, ನಿನ್ನ ಹಾಟ್‌ಸ್ಪಾಟ್ ಅದಕ್ಕ ರಾಜಮಾರ್ಗ.

ಗಿಟ್_ಗಿರಮಿಟ್:

ಇಷ್ಟೆಲ್ಲಾ ಯಾಕ್ರೀ ಅಣ್ಣಾರ, ಗಿಟ್ ಹಾಕ್ರಿ, ಬದಲಾದದ್ದರ ಇತಿಹಾಸ ಎಲ್ಲಾ ಇಟ್ಕೊಳ್ಳೂ ಪ್ರೋಗ್ರಾಂ ಅದು. ತಗೀ ಮುಂದ ಪುಲ್ (ಇಳಿಸೂದು), ಮುಚ್ಚಿದಮ್ಯಾಲ ಕಮಿಟ್ (ದಾಖಲ ಮಾಡೂದು) ಪುಶ್ (ಏರಿಸೂದು). ಸರ್ವರ್ ಮ್ಯಾಲ ಒಂದು ಬೇರ್ ರೆಪೊ (ಬರೇ ಇತಿಹಾಸದ ಗೋದಾಮು) ಇಟ್ಟು ಪೋಸ್ಟ್‌ರಿಸೀವ್ ಹುಕ್‌ನ್ಯಾಗ (ಪುಶ್ ಬಂದಮ್ಯಾಲ ತಾನಾ ಓಡೂ ಸ್ಕ್ರಿಪ್ಟು) ಸೈಟಿನ ಫೋಲ್ಡರಿಗೆ ಚೆಕ್‌ಔಟ್ ಮಾಡಿದ್ರ ಆತು. ಮನಿಂದು ಬಿಟ್ಟು ಆಫೀಸಿಂದು ಮೊದ್ಲ ಹೋಗಿದ್ರ, ಮನಿಂದು ಪುಶ್ ಮಾಡಾಕ ಹೋದಾಗ ಗಿಟ್ಟು ಒಲ್ಲೆ ಅಂತೈತಿ, ಮೊದ್ಲ ಅದನ್ನ ತಗೊಂಡು ಬಾ ಅಂತೈತಿ. ನಿಮ್ಮ ಉದ್ರಿ ಪುಸ್ತಕದ ಕೆಲಸ ಅದ ಮಾಡ್ತೈತಿ.

ಉಣಕಲ್_ಕಟ್ಟಿ:

ಗಿರಮಿಟ್, ನೀ ಹೇಳೂದು ಖರೆ ಐತಿ, ಬರೇ ಟೆಕ್ಸ್ಟ್ ಇದ್ರ ನಾನೂ ಅದನ್ನ ಹೇಳ್ತಿದ್ದೆ. ಆದ್ರ ಸೀರಿ ಅಂಗಡಿ ಸೈಟು ಅಂದ್ರ ಎಷ್ಟು ಫೋಟೋ ಇರ್ತಾವು ಯೋಚ್ನಿ ಮಾಡು, ದಸರಾ ಮುಂದ ಒಮ್ಮೆ ದೀಪಾವಳಿ ಮುಂದ ಒಮ್ಮೆ ಎಲ್ಲಾ ಬದಲಿ, ಹಳೇವೂ ರೆಪೊದಾಗ ಹಂಗ ಉಳೀತಾವು, ಅವನ ಲ್ಯಾಪ್‌ಟಾಪ್ ಹೊಟ್ಟಿ ಒಡೀತೈತಿ. ತಿದ್ದಿದ ಟೈಮನ್ನೂ ಗಿಟ್ ಇಟ್ಕೊಳ್ಳೂದಿಲ್ಲ, ಖಾಲಿ ಫೋಲ್ಡರನ್ನೂ ಇಟ್ಕೊಳ್ಳೂದಿಲ್ಲ. ಮತ್ತ ವಿಮ್ ಮುಚ್ಚಿದಾಗೊಮ್ಮೆ ಆಟೋ ಕಮಿಟ್ ಆದ್ರ ಹಿಸ್ಟರಿ ತುಂಬ "ಸಂಜಿ 6:10", "ಸಂಜಿ 6:12" ಅಂತ ಇರ್ತೈತಿ, ಟ್ರೇನ್ ಟೈಮ್‌ಟೇಬಲ್ ಓದಿದಂಗ.

ಗಿಟ್_ಗಿರಮಿಟ್:

ಟೈಮ್‌ಟೇಬಲ್ಲರ ಇರ್ತೈತಲ್ರಿ, ಡಿಲೀಟ್ ಆದ ಮೂರು ಪೇಜಿಗಿಂತ ಚಲೋ 😄

ಏಲಕ್ಕಿ_ಹಾರ:

ಬೆಟಗೇರಿಯವ್ರ, ನಿಮಗ ಬೇಕಾದ್ದು ಯುನಿಸನ್ ರಿ, ಎರಡೂ ಕಡೆ ಸಿಂಕ್ ಮಾಡೂ ಪ್ರೋಗ್ರಾಂ. ನಾ ಹಾವೇರಿಯಿಂದ, ನಮ್ಮ ಮನಿಯವ್ರ ಅಂಗಡಿ ಲೆಕ್ಕ ಮತ್ತ ನನ್ನ ಪಾಠದ ನೋಟ್ಸ್ ಎರಡೂ ಅದರಾಗ ಓಡ್ತಾವು, ಬಹಳ ವರ್ಷ ಆತು.

ಉಣಕಲ್ ಅಣ್ಣಾರು ಹೇಳಿದ್ರಲ್ಲ ಆರ್‌ಸಿಂಕಿಗೆ ನೆನಪಿಲ್ಲ ಅಂತ, ಯುನಿಸನ್‌ಗೆ ಐತಿ. ಹೋದ ಸಲ ಸಿಂಕ್ ಮುಗದಾಗ ಎರಡೂ ಕಡೆ ಏನಿತ್ತು ಅಂತ ಒಂದು ಆರ್ಕೈವ್ ಬರದಿಟ್ಕೋತೈತಿ. ಈ ಸಲ ನೋಡಿದಾಗ ಇಲ್ಲಿ ಇರೂದು, ಅಲ್ಲಿ ಇರೂದು, ಹೋದ ಸಲ ಇದ್ದದ್ದು, ಮೂರನ್ನ ಹಚ್ಚಿ ನೋಡ್ತೈತಿ. ಇಲ್ಲಿ ಹೊಸಾ ಫೈಲ್ ಐತಿ, ಹೋದ ಸಲ ಇರಲಿಲ್ಲ, ಹಂಗಾರ ಇದು ಹುಟ್ಟಿದ್ದು, ಆ ಕಡೆ ಕಳಿಸು. ಇಲ್ಲಿ ಐತಿ, ಹೋದ ಸಲಾನೂ ಇತ್ತು, ಅಲ್ಲಿ ಇಲ್ಲ, ಹಂಗಾರ ಅಲ್ಲಿ ಅಳಿಸ್ಯಾರ. ಎರಡೂ ಕಡೆ ಬದಲಾಗೈತಿ ಅಂದ್ರ ಮುಟ್ಟೂದಿಲ್ಲ, ಪ್ರಶ್ನೆ ಚಿಹ್ನೆ ಹಾಕಿ ನಿಮ್ಮನ್ನ ಕೇಳ್ತೈತಿ. ನಿಮ್ಮ ರೇಟ್ ಪೇಜಿಗೆ ಇದ ಆಗಬೇಕಿತ್ತು.

ಸರ್ವರ್ ಮ್ಯಾಲೂ ಯುನಿಸನ್ ಇರಬೇಕು, ನಿಮ್ಮದು ವಿಪಿಎಸ್ ಐತಲ್ಲ, ತ್ರಾಸಿಲ್ಲ. ಎರಡೂ ಕಡೆ ವರ್ಷನ್ ನೋಡ್ಕೊಳ್ರಿ, 2.52 ಕ್ಕಿಂತ ಹಳೇವು ಇದ್ದ್ರ ಎರಡೂ ಕಡೆ ಒಂದ ಇರಬೇಕು, ಇಲ್ಲಂದ್ರ ಮಾತ ಆಡೂದಿಲ್ಲ ಅವು, ಅದರ ಮುಂದಿನಾವು ಸ್ವಲ್ಪ ಹೊಂದ್ಕೊಂಡ ಹೋಗ್ತಾವು. ಡಾಟ್ ಯುನಿಸನ್ ಫೋಲ್ಡರಿನ್ಯಾಗ ಪ್ರೊಫೈಲ್ ಫೈಲ್ ಮಾಡಿ ರೂಟ್ ಅಂತ ಎರಡು ಸಾಲು ಬರೀರಿ, ಒಂದು ನಿಮ್ಮ ಫೋಲ್ಡರು, ಒಂದು ಸರ್ವರಿಂದು. ಮನಿ ಲ್ಯಾಪ್‌ಟಾಪು ಸರ್ವರಿನ ಜೋಡಿ, ಆಫೀಸ್ ಮಷೀನು ಸರ್ವರಿನ ಜೋಡಿ, ಇವೆರಡೂ ತಮ್ಮ ತಮ್ಮೊಳಗ ಮಾತಾಡಬಾರ್ದು, ನಡುವ ಸರ್ವರ್ ಒಂದ ಇರ್ಲಿ. ಉಣಕಲ್ ಅಣ್ಣಾರ ಸ್ಕ್ರಿಪ್ಟಿನ್ಯಾಗ ಆರ್‌ಸಿಂಕ್ ಇರೂ ಜಾಗಾದಾಗ ಇದನ್ನ ಬ್ಯಾಚ್ ಆಪ್ಷನ್ ಹಚ್ಚಿ ಕೂಡಸ್ರಿ, ಇಳಿಸೂದಕ್ಕೂ ಏರಿಸೂದಕ್ಕೂ ಒಂದ ಕಮಾಂಡು. ಬ್ಯಾಚ್‌ನ್ಯಾಗ ಜಗಳ ಇದ್ದ ಫೈಲ್ ಬಿಟ್ಟು ಉಳದದ್ದು ಮಾಡಿ ಮುಗಸ್ತೈತಿ, ಆವಾಗ ಎಕ್ಸಿಟ್ ಕೋಡ್ 1 ಬರ್ತೈತಿ, ಎಲ್ಲಾ ಸರಿ ಇದ್ರ 0. ಒಂದು ಮಾತು, ಪ್ರಿಫರ್ ನ್ಯೂವರ್ ಅಂತ ಒಂದು ಆಪ್ಷನ್ ಐತಿ, ಜಗಳ ಬಂದ್ರ ಹೊಸಾದ್ ಗೆಲ್ಲಲಿ ಅಂತ. ಅದನ್ನ ಹಚ್ಚಿದ್ರ ಹೊಳ್ಳಿ ಮೊದಲಿನ ಜಾಗಾಕ್ಕ ಬಂದು ನಿಂತ್ರಿ ನೋಡ್ರಿ.

ಇನ್ನೊಂದು, ಯಾರರ ಮ್ಯಾಕ್ ಇಟ್ಕೊಂಡವ್ರು ಇದ್ರ ಅವರಿಗೆ. ಯುನಿಸನ್ ಹಾಕ್ಕೊಳ್ಳೂ ಮೊದ್ಲ ನಮ್ಮ ಮನ್ಯಾಗ ಹಳೇ ಮ್ಯಾಕ್ ಒಂದಿತ್ತು, ಅದರಿಂದ ಲಿನಕ್ಸ್ ಸರ್ವರಿಗೆ ಆರ್‌ಸಿಂಕ್ ಮಾಡ್ತಿದ್ದೆ. ಊರಿಗೊಂದು ಫೈಲು, ಹೆಸರು ಕನ್ನಡದಾಗ. ಗದಗ ಒಂದ ಇತ್ತು, ಹುಬ್ಬಳ್ಳಿ ಒಂದ ಇತ್ತು, ಬ್ಯಾಡಗಿ ಒಂದ ಇತ್ತು, ಹಾವೇರಿ ಮಾತ್ರ ಎರಡು! ರೋಣನೂ ಎರಡು, ಲಕ್ಷ್ಮೇಶ್ವರನೂ ಎರಡು. ನೋಡಾಕ ಅಕ್ಷರಕ್ಕ ಅಕ್ಷರ ಒಂದ. ಒಂದನ್ನ ಅಳಿಸಿದ್ರ ನಾಳೆ ಹೊಳ್ಳಿ ಹುಟ್ಟೂದು. ನಮ್ಮೂರಿನ ಮ್ಯಾಲ ಏನ್ ಸಿಟ್ಟೋ ಇದಕ್ಕ ಅಂತ ತಲಿ ಕೆಟ್ಟಿತ್ತು. ಆಮ್ಯಾಲ ತಿಳೀತು, ಆ ಹಳೇ ಮ್ಯಾಕಿನ ಡಿಸ್ಕ್ ಎಚ್‌ಎಫ್‌ಎಸ್ ಪ್ಲಸ್ (ಫೈಲ್ ಇಡೂ ಪದ್ಧತಿ), ಅದು ಹೆಸರನ್ನ ಬಿಡಿಸಿ ಇಟ್ಕೋತೈತಿ. ಯುನಿಕೋಡ್‌ನ್ಯಾಗ "ವೇ" ಒಳಗಿನ ಏತ್ವ ದೀರ್ಘ ಒಂದ ಗುರ್ತು, ಅದನ್ನ ಏತ್ವ ಬ್ಯಾರೆ ದೀರ್ಘ ಬ್ಯಾರೆ ಮಾಡಿ ಎರಡಾಗಿ ಬರೀತೈತಿ. ಲಿನಕ್ಸ್‌ನ್ಯಾಗ ಹಾವೇರಿ 18 ಬೈಟು, ಮ್ಯಾಕ್‌ನ್ಯಾಗ 21. ಸರ್ವರಿಗೆ ಅವು ಎರಡು ಬ್ಯಾರೆ ಊರು! ಗದಗಿಗೆ ಹುಬ್ಬಳ್ಳಿಗೆ ದೀರ್ಘಾನೂ ಇಲ್ಲ ಓತ್ವಾನೂ ಇಲ್ಲ, ಅದಕ್ಕ ಅವು ಪಾರಾದ್ವು. ಆರ್‌ಸಿಂಕ್‌ನ್ಯಾಗ ಐಕಾನ್ವ್ ಅಂತ ಆಪ್ಷನ್ ಐತಿ ಇದಕ್ಕ, ಆದ್ರ ಅದು ಬಂದದ್ದು 3.0 ದಾಗ, ಆ ಮ್ಯಾಕ್ ಜೋಡಿ ಬಂದಿದ್ದು 2.6.9. ಹೊಸಾದು ಹಾಕ್ಕೊಂಡಮ್ಯಾಲ ಹಾವೇರಿ ಒಂದ ಆತು.

ಸಪ್ತಾಪುರ_ಸೈಕಲ್:

ಅಕ್ಕಾರ, ಇದು ನನಗ ಗೊತ್ತ ಇರಲಿಲ್ಲ. ನಮ್ಮ ಧಾರವಾಡಕ್ಕ ಏನೂ ಆಗೂದಿಲ್ಲ ಅಂತ ಎಣಿಸಿ ನೋಡಿದೆ, ದೀರ್ಘ ಅದ ಆದ್ರ ಬರೇ ಆಕಾರ, ಬಚಾವ್.

ರಾಣೇಬೆನ್ನೂರ್_ಬಸ್:

ನಡುವ ಬಂದದ್ದಕ್ಕ ತಪ್ಪು ತಿಳ್ಕೋಬ್ಯಾಡ್ರಿ, ನಂದು ವಿಂಡೋಸ್, ಲಿನಕ್ಸ್ ಗಂಧಾನೂ ಇಲ್ಲ. ನಾ ಎಫ್‌ಟಿಪಿ ಸಾಫ್ಟ್‌ವೇರಿನ್ಯಾಗ ಸಿಂಕ್ರೊನೈಸ್ ಅಂದ್ರ ಒಂದೂ ತಿದ್ದಿರದ ಫೈಲನ್ನೂ ಬದಲಾಗೈತಿ ಅಂತ ತೋರಸ್ತೈತಿ, ನೋಡಿದ್ರ ಟೈಮು ಎಲ್ಲಾದಕ್ಕೂ ಐದೂವರಿ ತಾಸು ಫರಕ್ಕು. ಯಾಕ್ರಿ ಹಿಂಗ?

ಉಣಕಲ್_ಕಟ್ಟಿ:

ಐದೂವರಿ ಅಂದಕೂಡ್ಲೆ ತಿಳೀಬೇಕಲ್ಲೋ, ನಮ್ಮ ದೇಶದ ಟೈಮು ಮತ್ತ ಯುಟಿಸಿ (ಜಗತ್ತಿನ ಮೂಲ ಟೈಮು) ನಡುವಿನ ಅಂತರ ಅದು. ಹಳೇ ಎಫ್‌ಟಿಪಿ ಲಿಸ್ಟ್ ಕಳಿಸುವಾಗ ಟೈಮ್ ಬರೀತೈತಿ, ಯಾವ ಊರಿನ ಟೈಮು ಅಂತ ಬರ್‍ಯಾಂಗಿಲ್ಲ. ಎಸ್‌ಎಸ್‌ಎಚ್ ಮ್ಯಾಲ ನಡಿಯೂ ಎಸ್‌ಎಫ್‌ಟಿಪಿಗೆ ಹೋಗು, ಪೋರ್ಟ್ 22, ಅದರಾಗ ಟೈಮ್ ಸೆಕೆಂಡ್ ಲೆಕ್ಕದಾಗ ಹೋಗ್ತೈತಿ, ಊರಿನ ಹಂಗಿಲ್ಲ. ಪಾಸ್‌ವರ್ಡೂ ಎಫ್‌ಟಿಪಿದಾಗ ಬತ್ಲೆ ಹೋಗ್ತೈತಿ, ಅದಕ್ಕರ ಬಿಡು ಅದನ್ನ.

ವಿನ್‌ಎಸ್‌ಸಿಪಿ ಹಾಕ್ಕೊ. ಅದರಾಗ ಸರ್ವರಿನ ಫೈಲಿನ ಮ್ಯಾಲ ಎಡಿಟ್ ಅಂದ್ರ ಇಳಿಸಿ ಎಡಿಟರಿನ್ಯಾಗ ತಗೀತೈತಿ, ನೀ ಸೇವ್ ಮಾಡಿದಾಗೊಮ್ಮೆ ತಾನಾ ಏರಿಸ್ತೈತಿ. ಇಡೀ ಫೋಲ್ಡರಿಗೆ ಬೇಕಂದ್ರ ಕಮಾಂಡ್ಸ್ ಮೆನುದಾಗ "ಕೀಪ್ ರಿಮೋಟ್ ಡೈರೆಕ್ಟರಿ ಅಪ್ ಟು ಡೇಟ್" ಐತಿ, ನಿನ್ನ ಫೋಲ್ಡರ್ ಕಾಯ್ತಾ ಕುಂತು ಬದಲಾದದ್ದನ್ನ ಏರಿಸ್ತೈತಿ. ಒಂದ ದಿಕ್ಕು ಅಷ್ಟ, ಇಳಿಸೂದಿಲ್ಲ. ಒಂದ ಮಷೀನಿದ್ದವಗ ಸಾಕು.

ಗಿಟ್_ಗಿರಮಿಟ್:

ಕಾಯ್ತಾ ಕುಂತು ಏರಿಸೂದು ಲಿನಕ್ಸ್‌ನ್ಯಾಗೂ ಐತಿ, ಐನೋಟಿಫೈವೇಟ್ (ಫೈಲ್ ಬದಲಾದ್ರ ಸುದ್ದಿ ಹೇಳೂ ಕಮಾಂಡ್) ಹಚ್ಚಿ ನಾನೂ ಮಾಡಿದ್ದೆ. ವಿಮ್‌ನ್ಯಾಗ ಒಂದು ಸೇವ್ ಕೊಟ್ರ ಅದು ನಾಕೈದು ಸುದ್ದಿ ಹೇಳ್ತೈತಿ, ನಡುವ 4913 ಅನ್ನೂ ಹೆಸರಿನ ಫೈಲ್ ಹುಟ್ಟಿ ಅಲ್ಲೇ ಸಾಯ್ತೈತಿ. ವೈರಸ್ ಅಂತ ಮಾಡಿ ಒಂದಿನ ಪೂರ್ತಿ ಮಷೀನ್ ಜಾಲಾಡ್ಸೇನಿ. ಆಮ್ಯಾಲ ನೋಡಿದ್ರ ಫೋಲ್ಡರಿನ್ಯಾಗ ಬರ್‍ಯಾಕ ಬರ್ತೈತೋ ಇಲ್ಲೋ ಅಂತ ವಿಮ್ಮ ಹಂಗ ಮುಟ್ಟಿ ನೋಡ್ತೈತಂತ.

ಬೆಟಗೇರಿ_ಮಗ್ಗ:

ಹತ್ತು ದಿನ ಆದಮ್ಯಾಲ ಬರ್‍ಯಾಕ ಹತ್ತೇನ್ರಿ, ಎಲ್ಲಾ ಹಾಕ್ಕೊಂಡು ನೋಡಿ ಬರಿಯೂಣು ಅಂತ ಸುಮ್ಮನಿದ್ದೆ.

ಅಕ್ಕಾರು ಹೇಳಿದಂಗ ಯುನಿಸನ್, ಅದರ ಸುತ್ತ ಉಣಕಲ್ ಅಣ್ಣಾರ ಬೀಗ ಮತ್ತ ಬಾಕಿ. ಸ್ಕ್ರಿಪ್ಟಿಗೆ "ಕೂಡು" ಅಂತ ಹೆಸರಿಟ್ಟೇನಿ. ಮೊದಲನೇ ಸಲ ಓಡಿಸಿದಾಗ ಆರ್ಕೈವ್ ಇಲ್ಲಲ್ಲ, ಎರಡೂ ಕಡೆ ಬ್ಯಾರೆ ಇದ್ದ 11 ಫೈಲಿಗೂ ಪ್ರಶ್ನೆ ಚಿಹ್ನೆ ಹಾಕಿ ನಿಂತ್ತು, ಒಂದೊಂದ ತಗದು ನೋಡಿದೆ, ಅದರಾಗ ಎರಡು ನಾ ತಿಂಗಳ ಹಿಂದ ಸರ್ವರ್ ಮ್ಯಾಲ ಸೀದಾ ತಿದ್ದಿ ಮರತದ್ದು. ಕಂಟ್ರೋಲ್‌ಮಾಸ್ಟರ್ ಹಾಕಿದಮ್ಯಾಲ ಎರಡನೇ ಸಲದಿಂದ ಗೊತ್ತ ಆಗೂದಿಲ್ಲ, ಎಂಟರ್ ಒತ್ತಿದ್ರ ವಿಮ್ ತಗೀತೈತಿ.

ಟ್ರೇನಿನ್ಯಾಗ ನೆಟ್ ಇಲ್ಲಂದ್ರ ಐದು ಸೆಕೆಂಡಿಗೆ "ನೆಟ್ ಇಲ್ಲ, ಇದ್ದದ್ದರಾಗ ತಿದ್ದು" ಅಂತ ಹೇಳಿ ವಿಮ್ ತಗದ್ ಕೊಡ್ತೈತಿ, ಮುಚ್ಚಿದಾಗ ಏರಲಿಲ್ಲಂದ್ರ ಬಾಕಿ ಬಿಟ್ಟು ಹೋಗ್ತೈತಿ. ಹುಬ್ಬಳ್ಳ್ಯಾಗ ಇಳದು ಚಾ ಕುಡಿಯೂದ್ರಾಗ ಹಾಟ್‌ಸ್ಪಾಟ್ ಹಚ್ಚಿ ಬಾಕಿ ತೀರಸ್ತೇನಿ. ಗುರುವಾರ ಸಂಜೀಕ ಒಂದು ಜಗಳ ಸಿಕ್ತು, ರೇಟ್ ಪೇಜೇ, ಹೊಳ್ಳಿ ಬರೂ ಮುಂದ ಟ್ರೇನಿನ್ಯಾಗ ತಿದ್ದಿದ್ದು ಒಂದು, ಆಫೀಸಿಂದ ಏರಿದ್ದು ಒಂದು. ಎಕ್ಸಿಟ್ ಕೋಡ್ 1, ಸ್ಕ್ರಿಪ್ಟ್ ನಿಂತು ಕೇಳ್ತು, ವಿಮ್‌ಡಿಫ್‌ನ್ಯಾಗ ಎರಡನ್ನೂ ಬಾಜೂಬಾಜೂ ಇಟ್ಟು ಐದು ನಿಮಿಷದಾಗ ಕೂಡಿಸಿದೆ. ಹಳೇ ಇಳಿಸು ಇದ್ದಿದ್ರ ದಲಾಲರ ಫೋನ್ ಬರ್ತಿತ್ತು.

ಈಗ ಒಂದ ಉಳದೈತಿ. ಆಫೀಸಿನ್ಯಾಗ ವಿಮ್ ತೆರದಿಟ್ಟ ಮನಿಗೆ ಬಂದುಬಿಡ್ತೇನಿ. ಮುಚ್ಚಿಲ್ಲ ಅಂದ್ರ ಏರಿಲ್ಲ. ಮನಿ ಮಷೀನಿಗೆ ಅದು ಗೊತ್ತಾಗೂದು ಹೆಂಗ? ಫ್ಲಾಕ್ ಬೀಗ ಆ ಮಷೀನಿಗಷ್ಟ ಅಲ್ರಿ.

ಉಣಕಲ್_ಕಟ್ಟಿ:

ಬೀಗಾನ ಸರ್ವರ್ ಮ್ಯಾಲ ಹಾಕು. ಸಿಂಕ್ ಆಗೂ ಫೋಲ್ಡರಿನ ಹೊರಗ, ಎಸ್‌ಎಸ್‌ಎಚ್ ಮ್ಯಾಲ ಎಮ್‌ಕೆಡಿಐಆರ್ ಕೊಟ್ಟು "ಬೀಗ" ಅಂತ ಒಂದು ಫೋಲ್ಡರ್ ಹುಟ್ಟಸು. ಡ್ಯಾಶ್ ಪಿ ಹಚ್ಚಬ್ಯಾಡ, ಹಚ್ಚಿದ್ರ ಇದ್ದ್ರೂ ಸುಮ್ಮ ಹೂಂ ಅಂತೈತಿ, ನಮಗ ಅದು ಬ್ಯಾಡ. ಒಂದ ಸಲಕ್ಕ ಇಬ್ಬರು ಕೇಳಿದ್ರೂ ಒಬ್ಬರಿಗಷ್ಟ ಹುಟ್ಟತೈತಿ, ಇನ್ನೊಬ್ಬರಿಗೆ ಎರರ್. ಅದಕ್ಕ ಖಾಲಿ ಫೈಲಿಗಿಂತ ಇದು ಗಟ್ಟಿ, "ಐತೇನು ನೋಡು, ಇಲ್ಲಂದ್ರ ಮಾಡು" ಅನ್ನೂ ಎರಡು ಹೆಜ್ಜಿ ನಡುವ ಇನ್ನೊಬ್ಬ ನುಗ್ಗಾಕ ಬರೂದಿಲ್ಲ. ಅದರೊಳಗ ಒಂದು ಫೈಲಿನ್ಯಾಗ ಮಷೀನಿನ ಹೆಸರು, ಟೈಮು ಬರದಿಡು. ಏರಿಸಿದಮ್ಯಾಲ ತಗಿ.

ಕರೆಂಟ್ ಹೋಗಿ ಮಷೀನ್ ಸತ್ತ್ರ ಬೀಗ ಹಂಗ ಉಳೀತೈತಿ, ಅದಕ್ಕ ಹಳೇದಾತು ಅಂತ ತಾನಾ ಮುರಿಯೂ ಹಂಗ ಮಾಡಬ್ಯಾಡ, ನಿನ್ನನ್ನ ಕೇಳ್ಲಿ. ಮುರಿದ್ರೂ ಹೆದರಿಕಿ ಇಲ್ಲ, ಹಿಂದ ಯುನಿಸನ್ ಕುಂತೈತಿ. ಮತ್ತ ಆಫೀಸ್ ವಿಮ್ ತೆರದ ಇದ್ದಾಗ ಫೈಲ್ ಕೆಳಗಿಂದ ಬದಲಾದ್ರ ವಿಮ್ ಡಬ್ಲ್ಯೂ 11 ಅಂತ ಎಚ್ಚರಿಕಿ ಕೊಡ್ತೈತಿ, ಆವಾಗ ಒತ್ತಾಯ ಮಾಡಿ ಸೇವ್ ಮಾಡಬ್ಯಾಡ, ಓದ್ಕೊಂಡು ಒತ್ತು.

ಬೆಟಗೇರಿ_ಮಗ್ಗ:

ಹಾಕಿದೆ ಅಣ್ಣಾರ. ಹಾಕಿದ ದಿನಾನ ರಾತ್ರಿ ಮನ್ಯಾಗ "ಕೂಡು" ಅಂದ್ರ "ಬೀಗ ಆಫೀಸ್ ಮಷೀನಿಂದು, ಸಂಜಿ 5:40" ಅಂತ ಬಂತು. ಆಫೀಸಿನ್ಯಾಗ ಇನ್ನೂ ನಮ್ಮ ಡಿಸೈನ್ ಮಾಡೂ ಹುಡುಗ ಇದ್ದ, ಫೋನ್ ಹಚ್ಚಿದೆ. ಅವಂಗ ವಿಮ್ ಅಂದ್ರ ಬಟ್ಟೆ ಒಗಿಯೂ ಪುಡೀನೋ ಪಾತ್ರೆ ತಿಕ್ಕೂ ಸಾಬೂನೋ ಗೊತ್ತಿಲ್ಲ. ಎಸ್ಕೇಪ್ ಒತ್ತು ಅಂದೆ, ಒತ್ತಿದ. ಕೋಲನ್ ಅಂದೆ, ಅದ್ಯಾವ್ದು ಅಂದ. ಮ್ಯಾಲೊಂದು ಕೆಳಗೊಂದು ಚುಕ್ಕಿ ಅಂದೆ. ಡಬ್ಲ್ಯೂ ಕ್ಯೂ ಅಂದೆ. ಎಂಟರ್ ಅಂದೆ. "ಅಣ್ಣಾ ಎಲ್ಲಾ ಹೋತು, ಕರ್‍ರಗ ಆತು, ನಾ ಏನೂ ಮಾಡಿಲ್ಲ" ಅಂತ ಗಾಬರಿ ಆಗಿ ಫೋನ್ ಇಟ್ಟ. ಎರಡ ಸೆಕೆಂಡಿಗೆ ಇಲ್ಲಿ ಬೀಗ ತಗೀತು, ಆಫೀಸಿನ ಐದು ಫೈಲ್ ಇಳದ್ವು.